ಮೂವತ್ತೆಂಟು ಹೊಡೆಯುವುದು

1996ರ ನವೆಂಬರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಹುಬ್ಬಳ್ಳಿ ಆವೃತ್ತಿಯಲ್ಲಿ, ನಗರ ಪುಟದ ಕೆಳಗಿನ ಮೂಲೆಯಲ್ಲಿ, ಎಂಟು ಸಾಲಿನ ಒಂದು ಅಪಘಾತದ ಸುದ್ದಿ ಪ್ರಕಟವಾಯಿತು. ಅಮರಗೋಳದ ಮಾರುಕಟ್ಟೆ ಪ್ರಾಂಗಣದ ಎದುರು ಟೆಂಪೋ ಬಡಿದು ಸೈಕಲ್ ಸವಾರನೊಬ್ಬನ ಕಾಲು ಮುರಿದಿತ್ತು. ಟೆಂಪೋದ ನಂಬರ್ ಕೊಟ್ಟಿದ್ದೆವು. ಅದರ ಕೊನೆಯ ಎರಡು ಅಂಕಿ ಮೂವತ್ತೆಂಟು. ಸುದ್ದಿಯ ಕೊನೆಯ ಸಾಲು ಹೀಗಿತ್ತು: ‘ಘಟನೆಯ ನಂತರ ಚಾಲಕ ಪರಾರಿಯಾಗಿದ್ದಾನೆ.’ ಆ ಸಾಲು ಬರೆದವನು ನಾನು. ಚಾಲಕ ಪರಾರಿಯಾಗಿರಲಿಲ್ಲ.

ಅಪಘಾತದ ಸುದ್ದಿಗೆ ನಮ್ಮ ಮೇಜಿನಲ್ಲಿ ಒಂದು ಅಚ್ಚು ಇತ್ತು. ಮೊದಲು ಸ್ಥಳ, ಆಮೇಲೆ ವಾಹನ, ಆಮೇಲೆ ಗಾಯಾಳು, ಠಾಣೆ, ಕೊನೆಗೆ ಚಾಲಕ. ನಿಂತ ಚಾಲಕನಿಗೆ ಜನ ಹೊಡೆಯುತ್ತಿದ್ದರು, ಆದ್ದರಿಂದ ಹೆಚ್ಚಿನವರು ನಿಲ್ಲುತ್ತಿರಲಿಲ್ಲ. ಹೀಗಾಗಿ ಕೊನೆಯ ಸಾಲನ್ನು ಯಾರೂ ಹೇಳಿ ಬರೆಸಬೇಕಾಗಿರಲಿಲ್ಲ. ಕೈ ತಾನೇ ಬರೆಯುತ್ತಿತ್ತು. ಅವತ್ತು ಠಾಣೆಗಳ ಸುತ್ತು ಮುಗಿಸಿದ ನಮ್ಮ ವರದಿಗಾರ ಫೋನಿನಲ್ಲಿ ವಿವರ ಕೊಟ್ಟು ಕೊನೆಗೆ, ‘ಪೊಲೀಸ್ರು ಹೋದಾಗ ಅಲ್ಲಿ ಗಾಡೀನೂ ಇರ್ಲಿಲ್ಲ, ಡ್ರೈವರೂ ಇರ್ಲಿಲ್ಲ’ ಅಂದ. ಅಷ್ಟರಲ್ಲಿ ಲೈನ್ ಕಡಿಯಿತು. ಪುಟ ಸಂಜೆ ಏಳಕ್ಕೆ ಮುಗಿಯಬೇಕು. ಗಡಿಯಾರದಲ್ಲಿ ಏಳಕ್ಕೆ ಹತ್ತು ನಿಮಿಷ ಇತ್ತು. ನಾನು ಠಾಣೆಗೆ ತಿರುಗಿ ಫೋನ್ ಮಾಡಲಿಲ್ಲ.

ಆಗ ನಾನು ಹುಬ್ಬಳ್ಳಿಗೆ ಬಂದು ಐದು ತಿಂಗಳಾಗಿತ್ತು. ತುಮಕೂರು ಕಡೆಯವನು, ಬೈರಿದೇವರಕೊಪ್ಪದಲ್ಲಿ ಒಂದು ಕೋಣೆ ಹಿಡಿದಿದ್ದೆ. ಅದು ಇನ್ನೂ ಪೂರ್ತಿ ಊರಾಗಿರಲಿಲ್ಲ. ಪ್ಲಾಟಿನ ಕಲ್ಲು ನೆಟ್ಟ ಎರಿ ಹೊಲ, ನಡುನಡುವೆ ಮನೆಗಳು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಕಪ್ಪು ಮಣ್ಣು. ಮನೆಯ ಯಜಮಾನರು ಧಾರವಾಡದಲ್ಲಿದ್ದರು. ಕೆಳಗಿನ ಅಂಗಡಿಯ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಮಧ್ಯಾಹ್ನ ಕೆಲಸಕ್ಕೆ ಹೊರಡುವಾಗ ಬೀಗ ಹಾಕಿ ಒಂದು ಗಳಿಗೆ ನಿಲ್ಲುತ್ತಿದ್ದೆ. ನಮ್ಮ ಮನೆಯಲ್ಲಿ ಹೊರಡುವವರು ‘ಹೋಗಿ ಬರ್ತೀನಿ’ ಅನ್ನಬೇಕು, ಒಳಗಿನಿಂದ ಯಾರಾದರೂ ‘ಹೂಂ’ ಅನ್ನಬೇಕು. ಇಲ್ಲಿ ಅನ್ನಲು ಯಾರೂ ಇರಲಿಲ್ಲವಾದ್ದರಿಂದ ಸುಮ್ಮನೆ ಮೆಟ್ಟಿಲಿಳಿಯುತ್ತಿದ್ದೆ.

ಬಹುಶಃ ಅದೇ ಕಾರಣಕ್ಕೆ ಹೊರಟುಹೋಗುವ ಮಾತುಗಳು ನನ್ನ ಕಿವಿಗೆ ಬೀಳತೊಡಗಿದವು. ಈ ಊರಲ್ಲಿ ಅವು ಹೇರಳ. ಕೆಲಸದ ನಡುವೆ ಯಾರಾದರೂ ಎದ್ದುಹೋದರೆ ‘ಕಲ್ಟಿ ಹೊಡದ’. ಮದುವೆಯಲ್ಲಿ ಊಟ ಮುಗಿಸಿ ಆಹೇರಿಯ ಉಡುಗೊರೆ ಕೊಡುವ ಮುಂಚೆ ಮಾಯವಾದವನು ‘ಸಟಕಾಯಿಸಿದ’. ಬಾಡಿಗೆದಾರ ‘ಜಾಗಾ ಖಾಲಿ ಮಾಡಿದ’. ಕಳ್ಳ ಮಾತ್ರ ಎಲ್ಲ ಕಡೆಯಂತೆ ಇಲ್ಲಿಯೂ ‘ಕಂಬಿ ಕಿತ್ತ’. ನಾನು ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಎಡಕ್ಕೆ ಮಾತು, ಬಲಕ್ಕೆ ಮೂಲ. ಎಡಭಾಗ ಬೇಗ ತುಂಬಿತು.

ಬಲಭಾಗ ತುಂಬಲು ಮಂದಿಯನ್ನು ಕೇಳುತ್ತಿದ್ದೆ. ಕಂಬಿ ಕೀಳುವುದು ಅಂದರೇನು? ಕಚೇರಿಯ ಹಿಂದಿನ ಚಹಾದಂಗಡಿಯವರು ಅದು ಮಲ್ಲಯ್ಯನ ಕಂಬಿ ಎಂದರು. ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ನಡೆಯುವವರು ತಂಗಿದ ಊರಿನಿಂದ ಬೆಳಕು ಹರಿಯುವ ಮೊದಲೇ ಕಂಬಿ ಎತ್ತಿಕೊಂಡು ಹೊರಟಿರುತ್ತಾರಂತೆ. ರೈಲ್ವೆ ವರ್ಕ್‌ಶಾಪಿನಲ್ಲಿ ನಿವೃತ್ತರಾಗಿದ್ದ ಪಕ್ಕದ ಬೀದಿಯ ಹಿರಿಯರು ಅದು ರೈಲು ಕಂಬಿ ಅಂದರು. ನಮ್ಮ ಕರಡು ತಿದ್ದುವವರು, ‘ಜೇಲಿನ ಕಂಬಿ ಕಣ್ರೀ, ಇದನ್ನೂ ಕೇಳಬೇಕೇನು’ ಅಂದರು. ಮೂವರಿಗೂ ಸಂಶಯವಿರಲಿಲ್ಲ. ಮೂವರ ಬಳಿಯೂ ಆಧಾರವಿರಲಿಲ್ಲ. ನಾನು ‘ಮೂಲ ಗೊತ್ತಿಲ್ಲ’ ಎಂದು ಬರೆದೆ. ಆಧಾರವಿಲ್ಲದ್ದನ್ನು ಬರೆಯಬಾರದು ಅನ್ನುವುದು ನೋಟ್‌ಬುಕ್ಕಿನ ಮಟ್ಟಿಗೆ ನನಗೆ ಚೆನ್ನಾಗಿ ಗೊತ್ತಿತ್ತು.

ಸುದ್ದಿ ಬಂದ ಮೂರನೆಯ ದಿನ ಮಧ್ಯಾಹ್ನ ಚಾಲಕ ಕಚೇರಿಗೆ ಬಂದರು. ವಯಸ್ಸು ನಲವತ್ತೈದರ ಸುಮಾರು. ಖಾಕಿ ಅಂಗಿ, ತಲೆಗೆ ಸುತ್ತಿದ ಚೌಕಳಿ ಟವೆಲ್. ಹಳೇ ಹುಬ್ಬಳ್ಳಿಯ ಮುಸ್ಲಿಂ ಮನೆತನದವರು, ತಂದೆಯೂ ಗಾಡಿ ಓಡಿಸಿದವರು ಎಂದು ಆಮೇಲೆ ತಿಳಿಯಿತು. ಪತ್ರಿಕೆಯನ್ನು ಸುದ್ದಿ ಮೇಲೆ ಬರುವಂತೆ ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು.

‘ಇದನ್ನ ಬರದವ್ರು ಯಾರದಾರ್ರಿ?’

‘ನಾನು.’

ಅವರು ನನ್ನನ್ನು ನೋಡಿದರು. ‘ಸಿಟ್ಟಿಗೇನ ಬಂದಿಲ್ರಿ ಸರ್. ಏಳ ಸಾಲ ಖರೇ ಬರದೀರಿ. ಕಡೀ ಸಾಲ ಅಷ್ಟ ತಪ್ಪೈತಿ.’

ಕೂರಿಸಿದೆ. ನಡೆದದ್ದನ್ನು ಅವರು ಗಡಿಬಿಡಿಯಿಲ್ಲದೆ ಹೇಳಿದರು. ಸೈಕಲ್ಲಿನವನು ಒಮ್ಮೆಲೇ ಅಡ್ಡ ಬಂದಿದ್ದ. ಬಿದ್ದವನನ್ನು ಇಬ್ಬರು ಹಮಾಲರ ಕೈಯಲ್ಲಿ ಎತ್ತಿಸಿ, ಮೆಣಸಿನಕಾಯಿ ಚೀಲಗಳ ಮೇಲೆ ಮಲಗಿಸಿ, ಅದೇ ಟೆಂಪೋದಲ್ಲಿ ದವಾಖಾನೆಗೆ ಒಯ್ದಿದ್ದರು. ಅವನ ಹೆಂಡತಿ ಬರುವವರೆಗೆ ಕಾದು, ತಾವೇ ಠಾಣೆಗೆ ಹೋಗಿ ಹೇಳಿಕೆ ಕೊಟ್ಟಿದ್ದರು. ದವಾಖಾನೆಯ ಚೀಟಿ ತಂದಿದ್ದರು. ದಾಖಲು ಮಾಡಿದವರು ಎಂಬ ಜಾಗದಲ್ಲಿ ಅವರ ಹೆಸರಿತ್ತು.

‘ಗಾಡಿ ಅಲ್ಲಿರ್ಲಿಲ್ಲ ಅಂದ್ರು ಪೊಲೀಸ್ರು,’ ಅಂದೆ.

‘ಹ್ಯಾಂಗ ಇರ್ತೈತ್ರಿ? ಗಾಡ್ಯಾಗ ಮನಷ್ಯಾ ಇದ್ದ.’

ಅವರು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಉಗುರಿನ ಸುತ್ತ ಗ್ರೀಸಿನ ಕಪ್ಪು ಗೆರೆಯಿತ್ತು.

‘ನಮ್ಮ ಸ್ಟ್ಯಾಂಡಿನ್ಯಾಗ ಒಂದ ಕಾಯ್ದೆ ಐತ್ರಿ,’ ಅಂದರು. ‘ಮಂದೀನ್ನ ಕೆಡವಿ ಓಡಿ ಹ್ವಾದಂವಗ ಪಾಳಿ ಇಲ್ಲ. ಯಾಕಂದ್ರ ಒಬ್ಬ ಓಡಿದ್ರ ಕಲ್ಲ ಬೀಳೂದು ಉಳದವ್ರ ಗಾಡಿಗೆ. ಆ ಕಾಯ್ದೆ ಮಾಡೂಮುಂದ ನಾನೂ ಇದ್ದೆ. ಹೂಂ ಅಂದಾಂವ ನಾನೂ ಒಬ್ಬ.’

ಅಮರಗೋಳದ ಟೆಂಪೋ ಸ್ಟ್ಯಾಂಡಿನಲ್ಲಿ ಒಂದು ಮರದ ಹಲಗೆಯಿತ್ತು. ಅದರ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಗಳು, ಪ್ರತಿ ಗಾಡಿಯ ನಂಬರಿನ ಕೊನೆಯ ಎರಡು ಅಂಕಿ. ಲೋಡ್ ಬಂದಂತೆ ಆ ಕ್ರಮದಲ್ಲೇ ಗಾಡಿಗಳು ಹೊರಡಬೇಕು. ಸುದ್ದಿ ಬಂದ ಬೆಳಿಗ್ಗೆ ಅಲ್ಲಿನ ಚಹಾದಂಗಡಿಯಲ್ಲಿ ಎಂದಿನಂತೆ ಒಬ್ಬರು ಪತ್ರಿಕೆಯನ್ನು ಜೋರಾಗಿ ಓದಿದ್ದರು. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲಿನ ಮೂವತ್ತೆಂಟಕ್ಕೆ ಯಾರೋ ಸುಣ್ಣ ಬಳಿದಿದ್ದರು.

‘ಚೀಟಿ ತೋರಿಸಲಿಲ್ವಾ ಅವರಿಗೆ?’

‘ತೋರಿಸ್ದೆ. ಓಡಿ ಹೋಗಿ ಆಮ್ಯಾಗ ಅಂಜಿ ತಿರುಗಿ ಬಂದಿದ್ದೀ ಅಂತಾರ. ಬಾಯಿ ಮಾತ ಯಾರೂ ನಂಬಂಗಿಲ್ರಿ. ಪೇಪರ್ನ್ಯಾಗ ಬಂದದ್ದು ಪೇಪರ್ನ್ಯಾಗ ಹೋಗಬೇಕು. ಒಂದ ಸಾಲ ಹಾಕ್ರಿ. ಅಷ್ಟ.’

ಹಾಕುತ್ತೇವೆ ಅಂದೆ. ಅವರು ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿಟ್ಟು ಹೋದರು.

ನಗರ ಪುಟದ ಮುಖ್ಯಸ್ಥರು ಧಾರವಾಡದವರು, ಮೆಲುಮಾತಿನವರು, ಯಾರಿಗೂ ಗದರಿದವರಲ್ಲ. ನಾನು ಬರೆದುಕೊಂಡು ಹೋದ ತಿದ್ದುಪಡಿಯನ್ನು ಓದಿ ಕನ್ನಡಕ ತೆಗೆದರು.

‘ಹೆಸರು ಹಾಕೇವೇನು?’

‘ಇಲ್ಲ ಸರ್. ಗಾಡಿ ನಂಬರ್ ಹಾಕಿದೀವಿ.’

‘ಹೆಸರೇ ಹಾಕಿಲ್ಲ, ಮಾನ ಹ್ಯಾಂಗ ಹೋತು? ನಂಬರಿಗೆ ಮಾನ ಇರ್ತದೇನು?’

‘ಅಲ್ಲಿ ಎಲ್ಲರಿಗೂ ಗೊತ್ತಾಗಿದೆಯಂತೆ.’

‘ಹಂಗಾದ್ರ ಖರೇ ಏನು ಅಂತನೂ ಅವರಿಗೇ ಗೊತ್ತಾಗ್ತದ, ಬಿಡ್ರಿ. ನಾಳೆ ಊರಾಗಿನ ಗಾಡಿ ಎಲ್ಲಾ ನಮ್ಮ ಬಾಗಲಾಗ ಬಂದು ನಿಂದರ್ತಾವ.’

ಹೆಸರು ಪ್ರಕಟವಾಗಿದ್ದರೆ ಮಾತ್ರ ತಿದ್ದುಪಡಿ ಎಂಬುದು ಪತ್ರಿಕೆಯ ರೂಢಿ. ಆ ಸ್ಟ್ಯಾಂಡಿನಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ, ಹಲಗೆಯ ಮೇಲಿನ ಸಂಖ್ಯೆಯಿಂದಲೇ ಕರೆಯುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಆಗ ಇನ್ನೂ ಕಾಯಂ ಆಗಿರಲಿಲ್ಲ. ಇದನ್ನು ನೆಪವಾಗಿ ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ. ತಿದ್ದುಪಡಿಯ ಚೀಟಿಯನ್ನು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡೆ.

ವಾರ ಕಳೆದ ಮೇಲೆ ಚಾಲಕ ಮತ್ತೆ ಬಂದರು. ನಮ್ಮ ಜವಾನರು, ಮುಂದಿನ ವರ್ಷ ನಿವೃತ್ತಿಯಾಗಲಿದ್ದವರು, ನನ್ನ ಮೇಜಿನ ಹತ್ತಿರ ಬಗ್ಗಿ, ‘ಆ ಟೆಂಪೋದವ್ರು ಬಂದಾರ್ರಿ. ದಿನಾ ಪೇಪರ್ ತಗೊಂಡು ನೋಡಾಕತ್ತೇನಿ, ಇನ್ನೂ ಬಂದಿಲ್ಲ ಅಂತ ಕೇಳಾಕತ್ತಾರ,’ ಅಂದರು.

ನಾನು ಹಿಂದಿನ ಮೆಟ್ಟಿಲಿಳಿದು ಚಹಾದಂಗಡಿಗೆ ಹೋದೆ. ಅಲ್ಲಿ ಎರಡು ಕಪ್ ಚಹಾ ಕುಡಿದೆ. ಮುಕ್ಕಾಲು ಗಂಟೆ ಬಿಟ್ಟು ವಾಪಸು ಬಂದಾಗ ಜವಾನರು ನನ್ನ ಮುಖ ನೋಡದೆ, ‘ಹ್ವಾದ್ರು,’ ಅಂದರು.

ಆಮೇಲೆ ಅವರು ಬರಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ಮೆಣಸಿನಕಾಯಿ ಆವಕದ ಬಗ್ಗೆ ಬರೆಯಲು ನನ್ನನ್ನು ಅಮರಗೋಳಕ್ಕೆ ಕಳಿಸಿದರು. ಪ್ರಾಂಗಣದ ತುಂಬ ಕೆಂಪು ರಾಶಿ. ಸೀನುತ್ತ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊರಬಂದು ಟೆಂಪೋ ಸ್ಟ್ಯಾಂಡಿನ ಅಂಗಡಿಯಲ್ಲಿ ಚಹಾ ಹೇಳಿದೆ. ಬೆಂಚಿನ ಮೇಲೆ ನಾಲ್ಕೈದು ಚಾಲಕರು ಇಸ್ಪೀಟು ಆಡುತ್ತಿದ್ದರು. ಸೋಲುತ್ತಿದ್ದ ಒಬ್ಬ ಮೆಲ್ಲಗೆ ಎದ್ದು ಗಾಡಿಯ ಕಡೆ ನಡೆದ.

‘ಏ, ನೋಡಲೇ, ಎಲಿ ಒಗದು ಮೂವತ್ತೆಂಟ ಹೊಡಿಯಾಕತ್ತಾನ.’

‘ಹೊಡೀಲಿ ಬಿಡ. ಮನ್ಯಾಗ ಹೇಣ್ತಿ ಹಿಡದ ಕುಂದರಸ್ತಾಳ.’

ಎಲ್ಲರೂ ನಕ್ಕರು. ನಾನು ರೂಢಿಯಂತೆ ನೋಟ್‌ಬುಕ್ ತೆಗೆದೆ. ಮೂವತ್ತೆಂಟು ಹೊಡೆಯುವುದು ಅಂದರೇನೆಂದು ಪಕ್ಕದಲ್ಲಿದ್ದವರನ್ನು ಕೇಳಿದೆ.

‘ಹೇಳದ ಕೇಳದ ಓಡಿ ಹೋಗೂದ್ರಿ.’

‘ಯಾಕೆ ಹಾಗಂತಾರೆ?’

ಅವರು ಗದ್ದದಿಂದ ತೋರಿಸಿದರು. ಸಾಲಿನಿಂದ ದೂರ, ಕಾಂಪೌಂಡ್ ಗೋಡೆಯ ಕಡೆ, ಬೇವಿನ ಗಿಡದ ಕೆಳಗೆ ಒಂದು ಟೆಂಪೋ ನಿಂತಿತ್ತು. ಸ್ಟೇರಿಂಗಿನ ಮೇಲೆ ಡಬ್ಬಿ ಇಟ್ಟುಕೊಂಡು ಒಬ್ಬರು ಒಳಗೆ ಕುಳಿತು ರೊಟ್ಟಿ ತಿನ್ನುತ್ತಿದ್ದರು.

‘ಅಗದೀ ಛಲೋ ಇದ್ದರಿ ಮನಷ್ಯಾ,’ ಅಂದರು ಪಕ್ಕದವರು. ‘ಆದ್ರ ಅವತ್ತ ಯಾಕ ಹಂಗ ಮಾಡಿದ್ನೋ ಏನೋ.’

ನಾನು ಗಿಡದ ಕಡೆ ಹೋದೆ. ಅವರು ಗುರುತು ಹಿಡಿದರು. ಕೆಳಗಿಳಿಯಲಿಲ್ಲ, ಪಕ್ಕದ ಬಾಗಿಲು ತೆಗೆದು ಸೀಟಿನ ಮೇಲಿನ ಟವೆಲ್ ಸರಿಸಿದರು.

‘ಬರ್ರಿ ಸರ್. ಹಾಕಿದ್ರೇನ್ರಿ?’

‘ಇಲ್ಲ.’

‘ಇರ್ಲಿ,’ ಅಂದರು. ‘ನಾನೂ ನೋಡೂದ ಬಿಟ್ಟೆ.’

ಅವರಿಗೆ ಸ್ಟ್ಯಾಂಡಿನಿಂದ ಲೋಡ್ ಸಿಗುತ್ತಿರಲಿಲ್ಲ. ಹಳೆಯ ಪರಿಚಯದ ಇಬ್ಬರು ದಲಾಲರು ಮಾತ್ರ ಕರೆಯುತ್ತಿದ್ದರು. ದುಡಿಮೆಯ ಬಗ್ಗೆ ಅವರು ಅಷ್ಟೇ ಹೇಳಿದ್ದು. ಬೇರೆ ಕಡೆ ಗಾಡಿ ನಿಲ್ಲಿಸಬಹುದಲ್ಲ ಎಂದು ಕೇಳಿದೆ.

‘ಬಿಟ್ಟ ಹ್ವಾದ್ರ ಖರೇನ ಓಡಿ ಹ್ವಾದಂಗ ಆಗ್ತೈತಲ್ರಿ.’

ಡಬ್ಬಿಯಲ್ಲಿದ್ದ ಇನ್ನೊಂದು ರೊಟ್ಟಿಯನ್ನು ಮಡಚಿ, ಮೇಲೆ ಕಾಳಿನ ಪಲ್ಯ ಇಟ್ಟು ನನ್ನ ಕೈಗೆ ಕೊಟ್ಟರು. ತಿಂದೆ. ಸ್ವಲ್ಪ ಹೊತ್ತು ಇಬ್ಬರೂ ಮುಂದಿನ ಗಾಜಿನಾಚೆ ಹಮಾಲರನ್ನು ನೋಡುತ್ತ ಕುಳಿತೆವು. ಆಮೇಲೆ ಅವರು ಬೇರೇನನ್ನೋ ಹೇಳುವಂತೆ ಹೇಳಿದರು:

‘ಮೊನ್ನೆ ನನ್ನ ಮಗಳು ಸಾಲಿಯಿಂದ ಬಂದ್ಲರಿ. ಐದನೇತ್ತ ಅದಾಳ. ಅಣ್ಣ ಎಲ್ಲಿ ಅಂತ ಅವರವ್ವ ಕೇಳಿದ್ರ, ಊಟಾ ಬಿಟ್ಟು ಮೂವತ್ತೆಂಟ ಹೊಡದಾನ ನೋಡ ಅಂದ್ಲು. ಮನ್ಯಾಗ ಯಾರೂ ಮಾತಾಡ್ಲಿಲ್ಲ. ಆಕೀಗೆ ಯಾಕಂತ ಗೊತ್ತಾಗ್ಲಿಲ್ಲ.’

‘ನೀವು ಏನಂದ್ರಿ?’

‘ಏನಂತೇನ್ರಿ. ಉಣ್ಣ ಬಾ ಅಂದೆ.’

ಕೋಣೆಗೆ ಬಂದು ನೋಟ್‌ಬುಕ್ ತೆರೆದೆ. ಎಡಕ್ಕೆ ‘ಮೂವತ್ತೆಂಟು ಹೊಡಿ’ ಎಂದು ಬರೆದೆ. ಅಷ್ಟೂ ಮಾತುಗಳಲ್ಲಿ ಮೂಲ ಖಚಿತವಾಗಿ ಗೊತ್ತಿದ್ದದ್ದು ಅದೊಂದರದೇ. ದಿನ, ಪುಟ, ಸಾಲು ಸಹಿತ. ಬಲಭಾಗವನ್ನು ಖಾಲಿ ಬಿಟ್ಟೆ.

1999ರಲ್ಲಿ ಇನ್ನೊಮ್ಮೆ ಆ ಕಡೆ ಹೋದಾಗ ಬೇವಿನ ಗಿಡದ ಕೆಳಗೆ ಗಾಡಿ ಇರಲಿಲ್ಲ. ಚಹಾದಂಗಡಿಯಲ್ಲಿ ಕೇಳಿದೆ. ಬೆಂಚಿನ ಮೇಲಿದ್ದ ಹೊಸಬ ಒಬ್ಬ, ‘ಆಂವಾ? ಮೂವತ್ತೆಂಟ ಹೊಡದ,’ ಅಂದ. ಈ ಸಲ ಯಾರೂ ನಗಲಿಲ್ಲ. ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು, ಅವರಿಗೆ ಕಣ್ಣಿನ ಪೊರೆ ಬಂದು ಗಾಡಿ ಮಾರಿದರೆಂದೂ, ಹಳೇ ಹುಬ್ಬಳ್ಳಿಯ ಮನೆಯಲ್ಲೇ ಇದ್ದಾರೆಂದೂ ಹೇಳಿದರು. ಮನೆಯ ಗುರುತನ್ನೂ ಹೇಳಿದರು. ನಾನು ಹೋಗಲಿಲ್ಲ.

ಮಾತು ಮಾತ್ರ ಊರೂರು ತಿರುಗಿತು. ಮೊದಲು ದುರ್ಗದಬೈಲಿನ ತಳ್ಳುಗಾಡಿಯವರ ಬಾಯಲ್ಲಿ ಕೇಳಿದೆ. ಪಾಲಿಕೆಯ ಗಾಡಿ ಬಂದಾಗ, ‘ಲಗೂ ಮೂವತ್ತೆಂಟ ಹೊಡೀರಿ’. ಆಮೇಲೆ ಧಾರವಾಡದ ಹಾಸ್ಟೆಲ್ ಹುಡುಗರ ಬಾಯಲ್ಲಿ. ಒಮ್ಮೆ ಬೈರಿದೇವರಕೊಪ್ಪದ ಸ್ಟಾಪಿನಲ್ಲಿ, ನಾನು ಓಡಿಬರುತ್ತಿದ್ದಂತೆ ಬಸ್ ಹೊರಟುಹೋಯಿತು. ಅಲ್ಲಿ ನಿಂತಿದ್ದ ಹೆಂಗಸು, ‘ಮೂವತ್ತೆಂಟ ಹೊಡೀತ್ರಿ ಅದು. ಇನ್ನ ಅರ್ಧಾ ತಾಸ ನಿಂದ್ರಬೇಕು,’ ಅಂದಳು. ಅರ್ಧ ತಾಸಿನ ಮೇಲೂ ನಿಂತೆವು. ಆ ವೇಳೆಗೆ ಅಲ್ಲಿನ ಹೊಲಗಳೆಲ್ಲ ಮನೆಗಳಾಗಿದ್ದವು. ನಾನು ಅದೇ ಕೋಣೆಯಲ್ಲಿದ್ದೆ.

2004ರಲ್ಲಿ ನಗರ ಪುಟ ನನ್ನ ಕೈಗೆ ಬಂತು. ವಾರಕ್ಕೊಮ್ಮೆ ಓದುಗರು ಊರ ಮಾತುಗಳ ಮೂಲ ಕೇಳುವ, ಓದುಗರೇ ಉತ್ತರಿಸುವ ಅಂಕಣವೊಂದಿತ್ತು. ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಪೋಸ್ಟ್ ಕಾರ್ಡಿನಲ್ಲಿ ಕೇಳಿದಳು: ಮೂವತ್ತೆಂಟು ಹೊಡಿ ಅಂತ ಯಾಕೆ ಅನ್ನುತ್ತಾರೆ?

ಉತ್ತರಗಳು ಬಂದವು. ಉರ್ದು ಮಾತಾಡುವವರು ಓಡಿಹೋದವನಿಗೆ ಒಂಬತ್ತು ಎರಡು ಹನ್ನೊಂದು ಆದ ಅನ್ನುತ್ತಾರೆ, ಇದೂ ಅಂಥದೇ ಲೆಕ್ಕ ಎಂದು ಒಬ್ಬರು. ಮೂವತ್ತೆಂಟನೆಯ ವಯಸ್ಸಿಗೆ ಗಂಡಸಿಗೆ ಸಂಸಾರ ಬೇಸರವಾಗುತ್ತದೆ ಎಂದು ಇನ್ನೊಬ್ಬರು, ಸ್ವಂತ ಅನುಭವ ಎಂದು ಕಂಸದಲ್ಲಿ ಬರೆದಿದ್ದರು. ಯಾವ ಸ್ಟಾಪಿನಲ್ಲೂ ನಿಲ್ಲದ ಹಳೆಯ ಬಸ್ಸಿನ ನಂಬರ್ ಎಂದು ಮತ್ತೊಬ್ಬರು. ಎಲ್ಲವನ್ನೂ ಬದಿಗಿಟ್ಟೆ. ನೋಟ್‌ಬುಕ್ಕಿನಿಂದ ಹಳೆಯ ಚೀಟಿ ತೆಗೆದು ಎದುರಿಗಿಟ್ಟುಕೊಂಡು ಎಂಟು ಸಾಲು ಬರೆದೆ. ಈ ಪತ್ರಿಕೆಯಲ್ಲಿ 1996ರ ನವೆಂಬರಿನಲ್ಲಿ ಬಂದ ಅಪಘಾತದ ಸುದ್ದಿಯಿಂದ ಈ ಮಾತು ಹುಟ್ಟಿತು. ಆ ಚಾಲಕ ಗಾಯಾಳುವನ್ನು ತನ್ನದೇ ಗಾಡಿಯಲ್ಲಿ ದವಾಖಾನೆಗೆ ಒಯ್ದಿದ್ದರು, ಠಾಣೆಗೂ ತಾವೇ ಹೋಗಿದ್ದರು. ಪತ್ರಿಕೆ ವಿಚಾರಿಸದೆ ತಪ್ಪಾಗಿ ಬರೆಯಿತು. ಕೊನೆಯ ಸಾಲು: ‘ಚಾಲಕ ಪರಾರಿಯಾಗಿರಲಿಲ್ಲ.’

ಪ್ರಕಟವಾದ ದಿನ ಬೆಳಿಗ್ಗೆ, ಐದು ವರ್ಷದ ಹಿಂದೆ ಕೇಳಿಟ್ಟುಕೊಂಡಿದ್ದ ಗುರುತು ಹಿಡಿದು ಆ ಮನೆಗೆ ಹೋದೆ. ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ದಪ್ಪ ಕನ್ನಡಕ. ದನಿಯಿಂದ ಗುರುತು ಹಿಡಿದರು. ಮಗಳು ಬಂದಳು, ಈಗ ಕಾಲೇಜಿಗೆ ಹೋಗುವವಳು. ಪತ್ರಿಕೆಯನ್ನು ಅವಳ ಕೈಗೆ ಕೊಟ್ಟೆ.

‘ಎಷ್ಟ ಸಾಲ ಐತಿ?’ ಅವರು ಕೇಳಿದರು.

‘ಎಂಟು, ಅಬ್ಬಾ.’

‘ಕಡೀ ಸಾಲ ಓದ.’

ಅವಳು ಓದಿದಳು. ಇನ್ನೊಮ್ಮೆ ಓದು ಅಂದರು. ಓದಿದಳು. ಆಮೇಲೆ ಮೊದಲಿನಿಂದ ತನ್ನಷ್ಟಕ್ಕೆ ಓದಿಕೊಂಡು, ಎದ್ದು ಒಳಗೆ ಹೋದಳು. ನಮಗೆ ಚಹಾ ತಂದಿಟ್ಟಾಗ ಅವಳ ಕಣ್ಣು ಕೆಂಪಾಗಿದ್ದವು.

‘ಸ್ಟ್ಯಾಂಡಿಗೆ ಕರಕೊಂಡು ಹೋಗ್ತೀನಿ, ಬನ್ನಿ,’ ಅಂದೆ.

‘ಅಲ್ಲಿ ಈಗ ಯಾರದಾರ್ರಿ ಸರ್? ನನ್ನ ಜೋಡಿ ಇದ್ದವ್ರೆಲ್ಲ ಗಾಡಿ ಬಿಟ್ರು. ಇಬ್ರು ತೀರಿಕೊಂಡ್ರು. ಈಗಿನವ್ರಿಗೆ ನಾನು ಯಾರಂತ ಗೊತ್ತಿಲ್ಲ.’ ಆಮೇಲೆ ಅಂದರು, ‘ಇನ್ನೊಂದ ಪೇಪರ್ ಇದ್ರ ಆ ಚಾದಂಗಡ್ಯಾಗ ಹಚ್ಚಿ ಬರ್ರಿ. ಪಾಳಿ ಹಲಗಿ ಬಾಜೂಕ. ಓದಾವ್ರು ಓದ್ತಾರ.’

ಹಿಂದಿನ ಮೆಟ್ಟಿಲಿಳಿದುಹೋದ ಮಧ್ಯಾಹ್ನದ ವಿಷಯ ಹೇಳಿದೆ.

‘ಗೊತ್ತಿತ್ರಿ,’ ಅಂದರು. ‘ನಿಮ್ಮ ಜವಾನರು ಹೇಳಿದ್ರು. ಚಾ ಕುಡೀರಿ, ಆರತೈತಿ.’

ಅವತ್ತೇ ಅಮರಗೋಳಕ್ಕೆ ಹೋದೆ. ಅಂಗಡಿಯವರು ಎಂಟೂ ಸಾಲು ಓದಿ, ಒಳಗಿನಿಂದ ಅನ್ನದ ಗಂಜಿ ತಂದರು. ಇಬ್ಬರೂ ಸೇರಿ ಕಾಗದವನ್ನು ಹಲಗೆಯ ಪಕ್ಕದ ಗೋಡೆಗೆ ಅಂಟಿಸಿದೆವು. ಬೆಂಚಿನ ಮೇಲಿದ್ದ ಒಬ್ಬ ಬಂದು ಓದಿ, ‘ಅಂದ್ರ ಆಂವ ಓಡಿ ಹೋಗಿರ್ಲಿಲ್ಲೇನ್ರಿ?’ ಅಂದ. ಇಲ್ಲ ಅಂದೆ. ‘ಹೌದನು,’ ಅಂದು ಅವನು ತನ್ನ ಜಾಗಕ್ಕೆ ಹೋಗಿ ಕುಳಿತ.

2009ರ ಜೂನ್‌ನಲ್ಲಿ ನಾನು ಕೊನೆಯ ಸಲ ಅಲ್ಲಿಗೆ ಹೋಗಿದ್ದೆ. ಕಾಗದ ಹಳದಿಯಾಗಿತ್ತು, ಒಂದು ಮೂಲೆ ಎದ್ದಿತ್ತು, ಎಂಟೂ ಸಾಲು ಓದಲು ಬರುತ್ತಿದ್ದವು. ಹಲಗೆಗೆ ಹೊಸ ಬಣ್ಣ ಹಚ್ಚಿದ್ದರು. ಅದರ ಮೇಲೆ ಮೂವತ್ತೆಂಟು ಇರಲಿಲ್ಲ. ಮೋಡ ಕವಿದಿತ್ತು. ಕಾಗದದ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದ ಚಾಲಕನಿಗೆ ಇನ್ನೊಬ್ಬ ಗಾಡಿಯಿಂದಲೇ ಕೂಗಿ ಹೇಳಿದ: ‘ಲೇ, ಮಳಿ ಬಂತು. ಲಗೂ ಮೂವತ್ತೆಂಟ ಹೊಡಿ.’